‘\’ ಬಂತು, ಕರ್ಸರ್ ಕೆಳಗಿಳಿಯಲಿಲ್ಲ: ಆಪಲ್-1 ತದ್ರೂಪು ಬೋರ್ಡ್‌ನ ದೋಷ ಹುಡುಕಿದ ಬಗೆ

ತೆರೆ ತುಂಬ ‘@’ ಚಿಹ್ನೆಗಳು ಮಿನುಗುತ್ತಿವೆ, ರಿಸೆಟ್ ಒತ್ತಿದರೆ ಏನೂ ಆಗುತ್ತಿಲ್ಲ. ಆಪಲ್-1ರ ತದ್ರೂಪು ಬೋರ್ಡ್ ಕಟ್ಟಿದವರಲ್ಲಿ ಹೆಚ್ಚಿನವರು ಮೊದಲು ಸಿಕ್ಕಿಕೊಳ್ಳುವುದು ಇಲ್ಲಿ. ಹಾಗೆ ಸಿಕ್ಕಿಕೊಂಡಿದ್ದರೆ ಬೇಸರಪಡಬೇಕಿಲ್ಲ, ಅರ್ಧ ಬೋರ್ಡ್ ಆಗಲೇ ಕೆಲಸ ಮಾಡುತ್ತಿದೆ ಎಂದು ಅರ್ಥ.

1976ರಲ್ಲಿ ಆಪಲ್ ಸಂಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ರೂಪಿಸಿದ ಈ ಯಂತ್ರ, ಅಂದರೆ ಆಪಲ್ ಕಂಪನಿಯ ಮೊದಲ ಕಂಪ್ಯೂಟರ್, ಸುಮಾರು 200 ಮಾತ್ರ ತಯಾರಾಯಿತು. 666.66 ಡಾಲರ್ ಕೊಟ್ಟವರಿಗೆ ಸಿಗುತ್ತಿದ್ದದ್ದು ಒಂದು ಬೋರ್ಡ್. ಪೆಟ್ಟಿಗೆ, ಕೀಬೋರ್ಡ್, ಟ್ರಾನ್ಸ್‌ಫಾರ್ಮರ್ ಕೊಂಡವರ ಪಾಲಿನ ಕೆಲಸ. ಆ ಒಂದು ಬೋರ್ಡ್‌ನಲ್ಲಿ ಎರಡು ಯಂತ್ರಗಳಿವೆ. ಒಂದು, 40 ಅಕ್ಷರಗಳ 24 ಸಾಲು ತೋರಿಸುವ ಟರ್ಮಿನಲ್. ಇನ್ನೊಂದು, 6502 ಪ್ರೊಸೆಸರ್‌ನ ಕಂಪ್ಯೂಟರ್. ಇವೆರಡರ ನಡುವೆ 6820 ಎಂಬ ಪಿಐಎ (ಹೊರಗಿನ ಸಾಧನಗಳನ್ನು ಪ್ರೊಸೆಸರ್‌ಗೆ ಜೋಡಿಸುವ) ಚಿಪ್ ನಿಂತಿದೆ. ಟರ್ಮಿನಲ್‌ಗೆ ಪ್ರೊಸೆಸರ್‌ನ ಹಂಗಿಲ್ಲ. 6502 ಸಾಕೆಟ್‌ನಲ್ಲಿ ಇಲ್ಲದಿದ್ದರೂ ತೆರೆ ಮೂಡುತ್ತದೆ, ಕ್ಲಿಯರ್ ಸ್ಕ್ರೀನ್ ಗುಂಡಿ ಒತ್ತಿದರೆ ತೆರೆ ಅಳಿದು ಮೇಲಿನ ಎಡ ಮೂಲೆಯಲ್ಲಿ ಒಂದೇ ಕರ್ಸರ್ ಮಿನುಗುತ್ತದೆ. ದೋಷ ಹುಡುಕುವ ಕ್ರಮವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ: ಮೊದಲು ವಿದ್ಯುತ್, ಆಮೇಲೆ ತೆರೆ, ಕೊನೆಗೆ ಪ್ರೊಸೆಸರ್. ಕ್ರಮ ಬಿಟ್ಟು ಚಿಪ್‌ಗಳನ್ನು ಅದಲುಬದಲು ಮಾಡತೊಡಗಿದರೆ ಒಂದು ದೋಷ ಮೂರಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಮೂಲ ನಕ್ಷೆಯ ಪ್ರಕಾರ ಹಳೆಯ ಚಿಪ್‌ಗಳನ್ನೇ ಹಾಕಿ ಕಟ್ಟುವ ಬೋರ್ಡ್ ಬಗ್ಗೆ. ವಿಡಿಯೊ ಕೆಲಸವನ್ನು ಮೈಕ್ರೊಕಂಟ್ರೋಲರ್‌ಗೆ ವಹಿಸಿದ ಕಿಟ್‌ಗಳಲ್ಲಿ ಈ ತೊಂದರೆಗಳ ಅರ್ಧಕ್ಕರ್ಧ ಇರುವುದೇ ಇಲ್ಲ. ಮಜಾವೂ ಅಷ್ಟೇ ಕಡಿಮೆ.

ವಿದ್ಯುತ್ತಿನಿಂದ ಶುರು. ಮೂಲ ಯಂತ್ರಕ್ಕೆ ಎರಡು ಟ್ರಾನ್ಸ್‌ಫಾರ್ಮರ್ ಬೇಕು: 8ರಿಂದ 10 ವೋಲ್ಟ್ ಎಸಿ, 3 ಆಂಪಿಯರ್‌ನದು ಒಂದು, ನಡುವೆ ಟ್ಯಾಪ್ ಇರುವ 28 ವೋಲ್ಟ್, 1 ಆಂಪಿಯರ್‌ನದು ಇನ್ನೊಂದು. ಅಮೆರಿಕದಿಂದ ತರಿಸಿದ ಮೂಲ ಮಾದರಿಯ ಟ್ರಾನ್ಸ್‌ಫಾರ್ಮರ್‌ಗಳು 115 ವೋಲ್ಟ್‌ನವು, ನಮ್ಮ 230ಕ್ಕೆ ನೇರ ಕೊಟ್ಟರೆ ಹೊಗೆಯೇ ಗತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವುದು 9-0-9, 12-0-12, 15-0-15 (ನಡುವಿನ ಟ್ಯಾಪ್‌ನ ಎರಡೂ ಬದಿ ಅಷ್ಟಷ್ಟು ವೋಲ್ಟ್). ಐದು ವೋಲ್ಟ್‌ಗೆ 9-0-9ರ ಅರ್ಧ ಭಾಗ ಸಾಕು, ಆದರೆ ಅದು ನಿಜವಾಗಿ 3 ಆಂಪಿಯರ್ ಕೊಡುವಂಥದ್ದಾಗಿರಬೇಕು. 9 ವೋಲ್ಟ್ ಎಸಿ ಡಯೋಡ್ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿ ಕೆಪಾಸಿಟರ್ ತುಂಬಿದರೆ ಸುಮಾರು 11 ವೋಲ್ಟ್ ಡಿಸಿ ಆಗುತ್ತದೆ. ಎಲ್ಎಂ323 ರೆಗ್ಯುಲೇಟರ್ ಅದರಲ್ಲಿ 5 ಇಟ್ಟುಕೊಂಡು ಉಳಿದದ್ದನ್ನು ಶಾಖವಾಗಿ ಹೊರಹಾಕುತ್ತದೆ. 2 ಆಂಪಿಯರ್ ಎಳೆದರೆ 10 ವ್ಯಾಟ್‌ಗೂ ಮೀರಿದ ಬಿಸಿ. ಬೆರಳಿಡಲಾಗದಷ್ಟು ಸುಡುವುದು ಸಹಜ. 8 ವೋಲ್ಟ್‌ಗೆ ಹೇಳಿ ಸುತ್ತಿಸಿಕೊಂಡರೆ ಈ ಬಿಸಿ ಎಷ್ಟೋ ಇಳಿಯುತ್ತದೆ.

ಎರಡನೆಯದಕ್ಕೆ 12-0-12 ಸಾಕು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 230 ವೋಲ್ಟ್ ಬರುವಾಗ 12ರ ಅಲೆಯ ಶಿಖರ 17, ಡಯೋಡ್ ಕಳೆದರೆ 16.3. 12 ವೋಲ್ಟ್ ರೆಗ್ಯುಲೇಟರ್ ಆದ 7812ಕ್ಕೆ ಕನಿಷ್ಠ 14.5 ಬೇಕು, ಹಾಗಾಗಿ ನಡೆಯುತ್ತದೆ. ಸಂಜೆ ಲೈನ್ 190ಕ್ಕೆ ಇಳಿಯಿತೆನ್ನಿ, ಅದೇ 13.3 ಆಗುತ್ತದೆ. ರೆಗ್ಯುಲೇಟರ್ ಕೈಬಿಡುತ್ತದೆ, 12 ವೋಲ್ಟ್ ರೇಖೆಯಲ್ಲಿ 100 ಹರ್ಟ್ಸ್ ಅಲೆ ಏಳುತ್ತದೆ, ರ‍್ಯಾಮ್‌ನಲ್ಲಿಟ್ಟದ್ದು ಕೆಡುತ್ತದೆ. ಬೆಳಿಗ್ಗೆ ಸರಿಯಾಗಿ ಓಡಿದ ಬೋರ್ಡ್ ಸಂಜೆ ಏಳಕ್ಕೆ ಹುಚ್ಚಾಟ ಆಡಿದರೆ ಚಿಪ್ ಕೀಳುವ ಮೊದಲು ಮಲ್ಟಿಮೀಟರ್ ಅನ್ನು ಗೋಡೆಯ ಸಾಕೆಟ್‌ಗೆ ಇಟ್ಟು ನೋಡಿ. ಹಾಗಾಗಿ 14-0-14 ಅಥವಾ 15-0-15 ಬಳಸುವುದು ಲೇಸು. 15 ಹಾಕಿದಾಗ ಲೈನ್ 250 ಆದರೆ ಕೆಪಾಸಿಟರ್ ಮೇಲೆ 22 ದಾಟುತ್ತದೆ, ಹೊರೆ ಇಲ್ಲದಾಗ ಇನ್ನೂ ಮೇಲೆ. ಮೂಲದಲ್ಲಿರುವ 2400 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್‌ಗಳ ಜಾಗಕ್ಕೆ 35 ವೋಲ್ಟ್‌ನವನ್ನೇ ಹಾಕಬೇಕು. 25 ವೋಲ್ಟ್‌ನದು ಅಂಚಿನಲ್ಲಿ ನಿಂತಂತೆ.

ಮೊದಲ ಸಲ ಕರೆಂಟ್ ಕೊಡುವಾಗ ಒಂದೂ ಐಸಿ ಇರಬಾರದು, ಮತ್ತು ಲೈನಿಗೆ 40 ವ್ಯಾಟ್‌ನ ಹಳೇ ತಂತಿ ಬಲ್ಬ್ ಸೀರೀಸ್‌ನಲ್ಲಿರಬೇಕು. ಬಲ್ಬ್ ಒಮ್ಮೆ ಮಿನುಗಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ನಮ್ಮ ಬೋರ್ಡ್‌ನಲ್ಲಿ ಬಲ್ಬ್ ಆರಲಿಲ್ಲ. ಕಾರಣ, 7812 ಮತ್ತು 7912 ಎರಡನ್ನೂ ಒಂದೇ ಅಲ್ಯುಮಿನಿಯಂ ಪಟ್ಟಿಗೆ ಬಿಗಿದದ್ದು. 7812ರ ಬೆನ್ನಿನ ಲೋಹ ಗ್ರೌಂಡ್. ಋಣ ವೋಲ್ಟ್ ಕೊಡುವ 7905 (−5), 7912ರ (−12) ಬೆನ್ನು ಹಾಗಲ್ಲ, ಅದು ಇನ್‌ಪುಟ್. ಪಟ್ಟಿಯ ಮೂಲಕ ಋಣ ರೇಖೆ ನೇರವಾಗಿ ಗ್ರೌಂಡ್ ಸೇರಿತ್ತು. ಮೈಕಾ ಹಾಳೆ, ಪ್ಲಾಸ್ಟಿಕ್ ಬುಶ್ ಹಾಕಿದ ಮೇಲೆ ಸರಿಹೋಯಿತು.

ಈಗ +5, +12, −5, −12 ನಾಲ್ಕನ್ನೂ ರೆಗ್ಯುಲೇಟರ್ ಕಾಲಲ್ಲಲ್ಲ, ಐಸಿ ಸಾಕೆಟ್‌ಗಳ ಒಳಗೇ ಅಳೆಯಬೇಕು. ಅದರಲ್ಲೂ ರ‍್ಯಾಮ್ ಸಾಕೆಟ್. ಎಂಕೆ4096 ಮಾದರಿಯ 16 ಪಿನ್‌ನ ರ‍್ಯಾಮ್‌ನಲ್ಲಿ 1ನೇ ಪಿನ್ −5, 8ನೇ ಪಿನ್ +12, 9ನೇ ಪಿನ್ +5, 16ನೇ ಪಿನ್ ಗ್ರೌಂಡ್. ಸಾಮಾನ್ಯ ಟಿಟಿಎಲ್ (5 ವೋಲ್ಟ್ ಲಾಜಿಕ್) ಚಿಪ್‌ನಲ್ಲಿ 8 ಗ್ರೌಂಡ್, 16 +5, ಇಲ್ಲಿ ತಲೆಕೆಳಗು. ಕೈ ತಪ್ಪಿ ರ‍್ಯಾಮ್ ಸಾಲಿನಲ್ಲಿ ಒಂದು ಟಿಟಿಎಲ್ ಚಿಪ್ ಕೂರಿಸಿದರೆ ಅದು ಸತ್ತಂತೆಯೇ. −5 ಇಲ್ಲದೆ +12 ಬಂದರೆ ರ‍್ಯಾಮ್‌ಗಳೇ ಸಾಲಾಗಿ ಸಾಯಬಹುದು. ಆದ್ದರಿಂದ 7905ರ ಬೆಸುಗೆಯನ್ನು ಎರಡು ಸಲ ನೋಡಬೇಕು. ಇಡೀ ಬೋರ್ಡ್‌ನಲ್ಲಿ ಅತಿ ಕಡಿಮೆ ಬೆಲೆಯ ಭಾಗ ಅದು, ಸುಟ್ಟರೆ ಅತಿ ಹೆಚ್ಚು ನಷ್ಟ ಮಾಡುವುದೂ ಅದೇ.

ತೆರೆಗೆ ಬರೋಣ. ಟರ್ಮಿನಲ್ ಭಾಗದ ಚಿಪ್‌ಗಳನ್ನಷ್ಟೇ ಹಾಕಿ. ಸಾಧಾರಣ 74 ಸರಣಿ, 74ಎಲ್ಎಸ್ ಬೆರೆತರೆ ಬಹುಮಟ್ಟಿಗೆ ಚಿಂತೆಯಿಲ್ಲ. ಅಂಗಡಿಯಲ್ಲಿ ಎಲ್ಎಸ್ ಇಲ್ಲವೆಂದು 74ಎಚ್‌ಸಿ ಕೊಟ್ಟರೆ ಬೇಡ ಎನ್ನಿ. ಟಿಟಿಎಲ್ ಚಿಪ್ 2.4 ವೋಲ್ಟ್ ಕೊಟ್ಟು ಅದನ್ನೇ ‘1’ ಎನ್ನುತ್ತದೆ, ಎಚ್‌ಸಿಗೆ ‘1’ ಎನಿಸಲು 3.5 ವೋಲ್ಟ್ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ತಣ್ಣಗಿದ್ದಾಗ ನಡೆದು ಬಿಸಿಯಾದಾಗ ನಿಲ್ಲುವ ದೋಷಗಳು ಹೀಗೆಯೇ ಹುಟ್ಟುವುದು. 74ಎಚ್‌ಸಿಟಿ ಆದರೆ ಅಡ್ಡಿಯಿಲ್ಲ.

ಹರಳು 14.31818 ಮೆಗಾಹರ್ಟ್ಸ್. ವಿಡಿಯೊ ಅಮೆರಿಕದ 60 ಹರ್ಟ್ಸ್ ಪದ್ಧತಿಯದು, ಕಪ್ಪು-ಬಿಳುಪು. ಈಗಿನ ಟಿವಿಗಳಲ್ಲಿ ಹಲವು ಇದನ್ನು ಒಪ್ಪುತ್ತವೆ, ಆದರೆ ಅಗ್ಗದ ಎಚ್‌ಡಿಎಂಐ ಪರಿವರ್ತಕಗಳು ಇಂಥ ಇಂಟರ್‌ಲೇಸ್ ಇಲ್ಲದ ಸಿಗ್ನಲ್ ಕಂಡು ನೀಲಿ ಪರದೆ ತೋರಿಸಿ ಸುಮ್ಮನಾಗುವುದುಂಟು. ಬೋರ್ಡ್ ದೂರುವ ಮೊದಲು ಇನ್ನೊಂದು ಟಿವಿಗೆ ಹಚ್ಚಿ ನೋಡಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಈ ಟರ್ಮಿನಲ್‌ಗೆ ರ‍್ಯಾಮ್ ಇಲ್ಲ. ತೆರೆಯ ಅಕ್ಷರಗಳು 2504 ಎಂಬ, 1024 ಬಿಟ್ ಹಿಡಿದು ಅವನ್ನು ಸಾಲಾಗಿ ಮುಂದೆ ತಳ್ಳುತ್ತ ಹೋಗುವ ಶಿಫ್ಟ್ ರಿಜಿಸ್ಟರ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ, ಗಾಣದೆತ್ತಿನ ಹಾಗೆ. ಇವು ಏಳು: ಅಕ್ಷರದ ಆರು ಬಿಟ್‌ಗೆ ಆರು, ಕರ್ಸರ್ ಎಲ್ಲಿದೆ ಎಂದು ನೆನಪಿಡಲು ಒಂದು. ಕರೆಂಟ್ ಬಂದ ಕೂಡಲೇ ತೆರೆ ತುಂಬ ‘_@’ ಸಾಲುಗಟ್ಟಿ ಮಿನುಗುವುದು ಈ ರಿಜಿಸ್ಟರ್‌ಗಳು ಎಚ್ಚರವಾದಾಗ ಹಿಡಿದಿರುವ ಅಡ್ಡಾದಿಡ್ಡಿ ಬಿಟ್‌ಗಳಿಂದ. ಅದು ದೋಷವಲ್ಲ. ಕ್ಲಿಯರ್ ಒತ್ತಿದ ಮೇಲೂ ಹಾಗೇ ಉಳಿದರೆ ದೋಷ.

ಯಾವ 2504 ಕೆಟ್ಟಿದೆ ಎಂದು ತೆರೆಯೇ ಹೇಳುತ್ತದೆ. ಅಕ್ಷರದ ಚಿತ್ರಗಳಿರುವ 2513 ಚಿಪ್‌ಗೆ ‘@’ ಅಂದರೆ 000000, ‘ಎ’ ಅಂದರೆ 000001, ‘ಬಿ’ ಅಂದರೆ 000010. ಕೊನೆಯ ಬಿಟ್‌ನ ರಿಜಿಸ್ಟರ್ ಸದಾ ಸೊನ್ನೆ ಕೊಟ್ಟರೆ ‘ಎ’ ಒತ್ತಿದಾಗ ‘@’, ‘ಸಿ’ ಒತ್ತಿದಾಗ ‘ಬಿ’ ಬರುತ್ತದೆ. 0ರಿಂದ 9ರವರೆಗೆ ಒತ್ತಿ ನೋಡುವುದು ಇನ್ನೂ ಸುಲಭ: 0 0 2 2 4 4 6 6 ಎಂದು ಬಂದರೆ ಅದೇ ಬಿಟ್. 0ಯ ಜಾಗಕ್ಕೆ 2, 1ರ ಜಾಗಕ್ಕೆ 3 ಬಂದು, 2 ಮತ್ತು 3 ಸರಿಯಾಗಿಯೇ ಬಂದರೆ ಅದರ ಪಕ್ಕದ ಬಿಟ್ ಸದಾ ಒಂದರಲ್ಲಿ ನಿಂತಿದೆ. (ಕೀ ಒತ್ತಿ ನೋಡಲು ಪ್ರೊಸೆಸರ್ ಬೇಕು, ಆದ್ದರಿಂದ ಈ ಪರೀಕ್ಷೆ ಆಮೇಲಿನದು.) ಅನುಮಾನದ ಚಿಪ್ಪನ್ನು ಕರ್ಸರ್‌ನ 2504 ಜೊತೆ ಅದಲುಬದಲು ಮಾಡಿದರೆ ರೋಗ ಚಿಪ್‌ನೊಂದಿಗೆ ಹೋಗುತ್ತದೋ ಸಾಕೆಟ್‌ನಲ್ಲೇ ಉಳಿಯುತ್ತದೋ ತಿಳಿದುಬಿಡುತ್ತದೆ. ತೆರೆಯ ಭಾಗದಲ್ಲಿ ಒಪ್ಪಬಹುದಾದ ಅದಲುಬದಲು ಅದೊಂದೇ.

ಏಳರಲ್ಲಿ ನಾಲ್ಕೈದು ಒಟ್ಟಿಗೆ ಕೆಟ್ಟಂತೆ ಕಂಡರೆ 2504ಗಳನ್ನು ಬೈಯಬೇಡಿ, ಅವುಗಳಿಗೆ ಕ್ಲಾಕ್ ಕೊಡುವ ಡಿಎಸ್0025 ನೋಡಿ. ಇವು ಪಿಮಾಸ್ (ಹಳೆಯ ಬಗೆಯ ಟ್ರಾನ್ಸಿಸ್ಟರ್) ಕಾಲದ ಚಿಪ್‌ಗಳು, ಕ್ಲಾಕ್ +5ರಿಂದ −12ರವರೆಗೆ, ಅಂದರೆ 17 ವೋಲ್ಟ್ ಓಲಾಡಬೇಕು. ಆಸಿಲೋಸ್ಕೋಪ್‌ನಲ್ಲಿ ಅದು ಹತ್ತಿಪ್ಪತ್ತು ನಿಮಿಷದ ಬಿಸಿಯ ನಂತರವೂ ಪೂರ್ತಿ ಇಳಿಯುತ್ತಿದೆಯೇ ನೋಡಬೇಕು. 0025 ಸಿಗದೆ 0026 ಹಾಕಿದವರಿಗೆ ಬೇರೆ ತಲೆನೋವು: ಅದು ತುಂಬ ಚುರುಕು, ಅಂಚುಗಳು ಗಂಟೆ ಹೊಡೆದಂತೆ ಕಂಪಿಸುತ್ತವೆ, ರಿಜಿಸ್ಟರ್ ಒಂದು ಹೆಜ್ಜೆಗೆ ಎರಡು ಹೆಜ್ಜೆ ಇಡುತ್ತದೆ, ಸಾಲುಗಳು ಪಕ್ಕಕ್ಕೆ ಜಾರುತ್ತವೆ. ಔಟ್‌ಪುಟ್‌ಗೆ 10ರಿಂದ 22 ಓಮ್ ಸೇರಿಸಿದರೆ ಕಂಪನ ತಗ್ಗುತ್ತದೆ. ಹಳೆಯ 2513 ಬಳಸಿದ್ದರೆ ಅದಕ್ಕೂ +5, −5, −12 ಮೂರೂ ಬೇಕು; +5 ಒಂದರಲ್ಲೇ ನಡೆಯುವ ಆಮೇಲಿನ ಮಾದರಿಯೂ ಇದೆ. ಯಾವುದು ಕೈಯಲ್ಲಿದೆ ಎಂದು ತಿಳಿಯದೆ ಸಾಕೆಟ್‌ಗೆ ಹಾಕಬಾರದು.

ನಕಲಿಯ ಮಾತೂ ಹೇಳಿಬಿಡಬೇಕು. ಆನ್‌ಲೈನ್‌ನಲ್ಲಿ ಕೊಂಡ ಎಂಟು 2504ಗಳಲ್ಲಿ ಮೂರರ ಮೇಲೆ ಅಸಿಟೋನ್ ಹಚ್ಚಿದ ಹತ್ತಿ ಉಜ್ಜಿದಾಗ ಬರಹ ಕಪ್ಪು ಬಣ್ಣದ ಸಮೇತ ಎದ್ದು ಬಂತು. ಒಳಗೆ ಏನಿತ್ತೋ, ಶಿಫ್ಟ್ ರಿಜಿಸ್ಟರ್ ಅಂತೂ ಆಗಿರಲಿಲ್ಲ.

ತೆರೆ ಸರಿಯಾಯಿತು, ಕರ್ಸರ್ ಒಂದೇ ಮಿನುಗುತ್ತಿದೆ. ಇನ್ನು 6502. ಆಪಲ್-1ಕ್ಕೆ ಕರೆಂಟ್ ಬಂದಾಗ ತಾನಾಗಿ ರಿಸೆಟ್ ಆಗುವ ವ್ಯವಸ್ಥೆಯಿಲ್ಲ. ಕ್ಲಿಯರ್ ಒತ್ತಿ, ಆಮೇಲೆ ರಿಸೆಟ್ ಒತ್ತಬೇಕು. ಆಗ ‘\’ ಮೂಡಿ ಕರ್ಸರ್ ಮುಂದಿನ ಸಾಲಿಗೆ ಇಳಿಯಬೇಕು. ಈ ಎರಡು ಘಟನೆಗಳನ್ನು ಬೇರೆಬೇರೆಯಾಗಿ ನೋಡುವುದು ಮುಖ್ಯ.

‘\’ ಬರಲೇ ಇಲ್ಲವೆಂದರೆ ಮೊದಲು 39ನೇ ಪಿನ್‌ನಲ್ಲಿ ಕ್ಲಾಕ್. 14.31818 ಅನ್ನು 14ರಿಂದ ಭಾಗಿಸಿದರೆ 1.023 ಮೆಗಾಹರ್ಟ್ಸ್ ಬರಬೇಕು, ಆದರೆ ಮೀಟರ್ 0.960 ಎನ್ನುತ್ತದೆ. ಹರಳು ತಪ್ಪಿಲ್ಲ. ಪ್ರತಿ 65 ಆವರ್ತಗಳಲ್ಲಿ 4ನ್ನು ರ‍್ಯಾಮ್‌ನ ರಿಫ್ರೆಶ್ (ನೆನಪು ಅಳಿಯದಂತೆ ಆಗಾಗ ಮತ್ತೆ ಬರೆಯುವುದು) ಕಿತ್ತುಕೊಳ್ಳುತ್ತದೆ, ಅಷ್ಟು ಹೊತ್ತು ಪ್ರೊಸೆಸರ್ ಕಾಯುತ್ತದೆ. ಮೀಟರ್ ನಿಖರವಾಗಿ 1.023 ತೋರಿಸಿದರೆ ರಿಫ್ರೆಶ್ ನಡೆಯುತ್ತಿಲ್ಲ ಎಂದು ಅನುಮಾನಿಸಬೇಕು. 40ನೇ ಪಿನ್ ರಿಸೆಟ್ ಒತ್ತಿದಾಗ ಕೆಳಗಿಳಿದು ಬಿಟ್ಟಾಗ ಮೇಲೇರಬೇಕು. 2, 4, 6ನೇ ಪಿನ್‌ಗಳು ಮೇಲೇ ಇರಬೇಕು.

ಇಷ್ಟಾಗಿಯೂ ಗೊತ್ತಾಗದಿದ್ದರೆ ನೋಪ್ ಪರೀಕ್ಷೆ. 6502ನ್ನು ಒಂದು ಬಿಡಿ ಸಾಕೆಟ್‌ಗೆ ಕೂರಿಸಿ, ಆ ಸಾಕೆಟ್‌ನ 26ರಿಂದ 33ರವರೆಗಿನ ಡೇಟಾ ಕಾಲುಗಳು ಬೋರ್ಡ್ ಮುಟ್ಟದಂತೆ ಹೊರಕ್ಕೆ ಬಗ್ಗಿಸಿ. 1 ಕಿಲೋಓಮ್ ರೆಸಿಸ್ಟರ್‌ಗಳ ಮೂಲಕ 26, 27, 28, 30, 32ನ್ನು +5ಕ್ಕೂ 29, 31, 33ನ್ನು ಗ್ರೌಂಡ್‌ಗೂ ಕಟ್ಟಿ. ಪ್ರೊಸೆಸರ್‌ಗೆ ಎಲ್ಲಿ ನೋಡಿದರೂ ‘ಇಎ’ (ಹೆಕ್ಸ್, ಅಂದರೆ 0ರಿಂದ 9, ಎಯಿಂದ ಎಫ್ ಬಳಸುವ 16ರ ಆಧಾರದ ಸಂಖ್ಯೆ), ಅಂದರೆ ‘ಏನೂ ಮಾಡಬೇಡ’ ಎಂಬ ಆದೇಶವೇ ಕಾಣುತ್ತದೆ, ಅದು ವಿಳಾಸಗಳನ್ನು ಒಂದೊಂದಾಗಿ ಎಣಿಸುತ್ತ ಹೋಗುತ್ತದೆ. 9ನೇ ಪಿನ್‌ನಲ್ಲಿ (ವಿಳಾಸದ ಮೊದಲ ಬಿಟ್) ಸುಮಾರು 240 ಕಿಲೋಹರ್ಟ್ಸ್, ಅಲ್ಲಿಂದ ಪ್ರತಿ ಬಿಟ್‌ಗೂ ಅರ್ಧರ್ಧ. ಕೊನೆಯ ಬಿಟ್‌ಗೆ ಲಾಜಿಕ್ ಪ್ರೋಬ್ ಇಟ್ಟರೆ ಸೆಕೆಂಡಿಗೆ ಏಳು ಸಲ ಮಿನುಗುತ್ತದೆ. ಯಾವುದಾದರೂ ಎರಡು ರೇಖೆಗಳಲ್ಲಿ ಒಂದೇ ಅಲೆ ಕಂಡರೆ ಬೆಸುಗೆ ಅಲ್ಲಿ ಸೇತುವೆ ಕಟ್ಟಿದೆ. ವಿಳಾಸ ಹಂಚುವ 74154ರ ಹದಿನಾರು ಔಟ್‌ಪುಟ್‌ಗಳೂ ಸರದಿಯಲ್ಲಿ ಎದ್ದು ಬೀಳುತ್ತಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಮೊದಲ ಸಾಲಿನ ರ‍್ಯಾಮ್‌ನ ಜಂಪರ್ ತಂತಿ ಅದರ ಔಟ್‌ಪುಟ್ 0ಗೆ, ಪಿಐಎ ಡಿಗೆ, ರಾಮ್ (ಅಳಿಯದ ಪ್ರೋಗ್ರಾಂ ಇರುವ ಚಿಪ್‌ಗಳು, ರ‍್ಯಾಮ್ ಅಲ್ಲ) ಎಫ್‌ಗೆ. ಈ ಮೂರರಲ್ಲಿ ಒಂದು ಮರೆತರೂ ಬೋರ್ಡ್ ಮೂಕ.

ನೋಪ್ ಪರೀಕ್ಷೆಯಲ್ಲಿ ಎಲ್ಲ ಸರಿ, ಆದರೂ ‘\’ ಇಲ್ಲ. ಇಲ್ಲಿ ಎರಡು ದಿನ ಕಳೆಯಿತು. ರಿಸೆಟ್ ಆದ ಕೂಡಲೇ ಓಡುವ ಮಾನಿಟರ್ ಪ್ರೋಗ್ರಾಂ 256 ಬೈಟ್, ಅದನ್ನು 4 ಬಿಟ್ ಅಗಲದ ಎರಡು ಪ್ರಾಮ್‌ಗಳು (ಒಮ್ಮೆ ಮಾತ್ರ ಬರೆಯಬಹುದಾದ 82ಎಸ್129 ಅಥವಾ 74ಎಸ್287) ಹಂಚಿಕೊಂಡಿವೆ. ಒಂದರಲ್ಲಿ ಪ್ರತಿ ಬೈಟ್‌ನ ಮೇಲರ್ಧ, ಇನ್ನೊಂದರಲ್ಲಿ ಕೆಳಗಿನರ್ಧ. ನೋಡಲು ಎರಡೂ ಒಂದೇ. ಲಾಜಿಕ್ ಅನಲೈಸರ್ (ಹಲವು ರೇಖೆಗಳ ಬಿಟ್‌ಗಳನ್ನು ಒಟ್ಟಿಗೆ ತೋರಿಸುವ ಉಪಕರಣ) ಹಚ್ಚಿದರೆ ರಿಸೆಟ್ ಆದ ಮೇಲೆ ಪ್ರೊಸೆಸರ್ ಸರಿಯಾಗಿ ಎಫ್‌ಎಫ್00ಕ್ಕೇ ಹೋಗುತ್ತಿತ್ತು. ರಾಮ್ ಸರಿಯಿದೆ ಎಂದು ಅದನ್ನು ಬಿಟ್ಟು ಪಿಐಎಯನ್ನು ಹಿಂಸಿಸಿದ್ದಾಯಿತು. ಆಮೇಲೆ ಹೊಳೆದದ್ದು: ರಿಸೆಟ್ ವಿಳಾಸದ ಎರಡು ಬೈಟ್‌ಗಳು 00 ಮತ್ತು ಎಫ್‌ಎಫ್. ಅರ್ಧಗಳನ್ನು ಅದಲುಬದಲು ಮಾಡಿದರೂ ಅವು 00, ಎಫ್‌ಎಫ್ ಆಗಿಯೇ ಉಳಿಯುತ್ತವೆ! ಅಲ್ಲಿಗೆ ಹೋದ ಮೇಲೆ ಮೊದಲ ಬೈಟ್ ಡಿ8 ಸಿಗಬೇಕಿತ್ತು, 8ಡಿ ಸಿಗುತ್ತಿತ್ತು. ಎರಡು ಪ್ರಾಮ್‌ಗಳ ಜಾಗ ಬದಲಿಸಿದ್ದೇ ತಡ, ‘\’ ಬಂತು.

ಬಂತು, ಆದರೆ ಕರ್ಸರ್ ಅದರ ಪಕ್ಕದಲ್ಲೇ ನಿಂತಿತು. ಇದು ರ‍್ಯಾಮ್‌ನ ಗುರುತು, ಊಹೆಯಲ್ಲ. ಮಾನಿಟರ್ ಮೊದಲು ‘\’ ಬರೆಯಲು ಎಫ್‌ಎಫ್‌ಇಎಫ್‌ನಲ್ಲಿರುವ ಉಪಪ್ರೋಗ್ರಾಂ ಅನ್ನು ಕರೆಯುತ್ತದೆ. ಅದು ಅಕ್ಷರವನ್ನು ಟರ್ಮಿನಲ್‌ಗೆ ಕೊಟ್ಟು ಹಿಂದಿರುಗುವ ವಿಳಾಸವನ್ನು ಸ್ಟ್ಯಾಕ್‌ನಿಂದ ಓದುತ್ತದೆ. ಸ್ಟ್ಯಾಕ್ ಇರುವುದು ರ‍್ಯಾಮ್‌ನ 0100ರಿಂದ 01ಎಫ್‌ಎಫ್ ನಡುವೆ. ರ‍್ಯಾಮ್ ಕೆಟ್ಟಿದ್ದರೆ ಬರೆಯುವವರೆಗೆ ಸರಿ, ಮನೆಗೆ ಮರಳುವ ದಾರಿ ಮಾತ್ರ ತಿಳಿಯದು. ಬದಲಿಗೆ ‘\’ ಕೂಡ ಬರದೆ, ಅನಲೈಸರ್‌ನಲ್ಲಿ ವಿಳಾಸ ಎಫ್‌ಎಫ್‌ಇಎಫ್ ಸುತ್ತಮುತ್ತಲೇ ಗಿರಕಿ ಹೊಡೆಯುತ್ತಿದ್ದರೆ, ಟರ್ಮಿನಲ್ ‘ನನಗೆ ಬಿಡುವಿಲ್ಲ’ ಎನ್ನುತ್ತಿದೆ ಎಂದು ಅರ್ಥ: ಪಿಐಎಯ ಬಿ ಬದಿಯ ಏಳನೇ ಬಿಟ್ (ಸೊನ್ನೆಯಿಂದ ಎಣಿಸಿದರೆ) ಮೇಲೇ ನಿಂತಿದೆ. ಆಗ ಪಲ್ಸ್ ಹುಟ್ಟಿಸುವ 74123 ಚಿಪ್ ಮತ್ತು ಅದರ ಸುತ್ತಲಿನ ರೆಸಿಸ್ಟರ್, ಕೆಪಾಸಿಟರ್ ಹುಡುಕಿ.

ರ‍್ಯಾಮ್‌ನಲ್ಲಿ ಒಂದು ಚಿಪ್‌ಗೆ ಒಂದೇ ಬಿಟ್, 4096 ಸ್ಥಾನ. ಎಂಟು ಚಿಪ್‌ಗೆ ಒಂದು ಸಾಲು, ಎರಡು ಸಾಲು ಸೇರಿ 8ಕೆ. ಮೊದಲ ಸಾಲಿನಲ್ಲಿ ದೋಷವಿದ್ದರೆ ಮಾನಿಟರೇ ಏಳದು. ಆದ್ದರಿಂದ ಎರಡನೇ ಸಾಲನ್ನು ಬಿಚ್ಚಿಟ್ಟು, ಅದರ ಚಿಪ್‌ಗಳನ್ನು ಒಂದೊಂದಾಗಿ ಮೊದಲ ಸಾಲಿಗೆ ತಂದು, ಕರ್ಸರ್ ಕೆಳಗಿಳಿಯುವವರೆಗೆ ನೋಡುವುದು. ನಮ್ಮದರಲ್ಲಿ ತಪ್ಪು ಚಿಪ್‌ನದ್ದಾಗಿರಲಿಲ್ಲ. ಸಾಕೆಟ್‌ನ ಒಂದು ಎಲೆ ಒಳಕ್ಕೆ ಮಡಚಿಕೊಂಡು ಪಿನ್ ಮುಟ್ಟುತ್ತಿರಲಿಲ್ಲ. ಕಂಟಿನ್ಯುಟಿ ನೋಡುವಾಗ ಮೀಟರ್ ಮೊನೆಯನ್ನು ಸಾಕೆಟ್‌ಗಲ್ಲ, ಚಿಪ್‌ನ ಕಾಲಿಗೇ ಇಡಬೇಕು ಅನ್ನುವುದು ಇದಕ್ಕೇ.

ಮಾನಿಟರ್ ಎದ್ದ ಮೇಲೆ ಅದನ್ನೇ ಪರೀಕ್ಷಕನನ್ನಾಗಿ ಬಳಸಬಹುದು. ಎಫ್‌ಎಫ್00.ಎಫ್‌ಎಫ್7ಎಫ್ ಒತ್ತಿ ರಿಟರ್ನ್ ಕೊಟ್ಟರೆ ರಾಮ್‌ನ ಮೊದಲರ್ಧ ತೆರೆಗೆ ಬರುತ್ತದೆ. ಇಡೀ ರಾಮ್ ಒಮ್ಮೆಗೇ ಕೇಳಬೇಡಿ, 32 ಸಾಲಾಗುತ್ತದೆ, ತೆರೆಯಲ್ಲಿ ಇರುವುದು 24. ಮೊದಲ ಸಾಲು ಡಿ8 58 ಎ0 7ಎಫ್ 8ಸಿ 12 ಡಿ0 ಎ9 ಇರಬೇಕು. ರ‍್ಯಾಮ್‌ಗೆ 300:0 ಮತ್ತು 301:ಎಫ್‌ಎಫ್ ಬರೆದು 300.301 ಓದಿ. 0 ಬರೆದದ್ದು 08 ಆಗಿ ಬಂದರೆ, ಅಥವಾ ಎಫ್‌ಎಫ್ ಬರೆದದ್ದು ಎಫ್7 ಆದರೆ, (ಸೊನ್ನೆಯಿಂದ ಎಣಿಸಿದರೆ) ಮೂರನೇ ಬಿಟ್‌ನ ಚಿಪ್ಪೇ ಅಪರಾಧಿ. ಎರಡು ನಿಮಿಷ ಬಿಟ್ಟು ಮತ್ತೆ ಓದಿ. ಆಗ ಮಾತ್ರ ಬದಲಾಗಿದ್ದರೆ ರಿಫ್ರೆಶ್ ಕಡೆ ಹೋಗಬೇಕು.

ಆಮೇಲೆ ಆಪಲ್-1ರ ಕೈಪಿಡಿಯಲ್ಲಿರುವ ಪರೀಕ್ಷೆ:

0:ಎ9 0 ಎಎ 20 ಇಎಫ್ ಎಫ್‌ಎಫ್ ಇ8 8ಎ 4ಸಿ 2 0

ರಿಟರ್ನ್ ಕೊಟ್ಟು, 0.ಎ ಎಂದು ಕೇಳಿ ಬರೆದದ್ದೇ ಇದೆಯೇ ನೋಡಿ, 0ಆರ್ ಎಂದು ಓಡಿಸಿದರೆ ಎಲ್ಲ ಅಕ್ಷರಗಳೂ ಸೆಕೆಂಡಿಗೆ 60ರಂತೆ ಹರಿಯತೊಡಗುತ್ತವೆ, ರಿಸೆಟ್ ಒತ್ತುವವರೆಗೆ ನಿಲ್ಲುವುದಿಲ್ಲ. ಇದನ್ನು ಒಂದು ಗಂಟೆ ಓಡಲು ಬಿಡಿ. ಬಿಸಿಯಾದಾಗ ಬರುವ ದೋಷಗಳೆಲ್ಲ ಈ ಗಂಟೆಯಲ್ಲಿ ಹೊರಬೀಳುತ್ತವೆ.

ಕೀಬೋರ್ಡ್ ವಿಷಯ ಚಿಕ್ಕದು. ಏಳು ಬಿಟ್ ಮತ್ತು ಮೇಲೇರುವ ಸ್ಟ್ರೋಬ್ (ಕೀ ಒತ್ತಿದೆ ಎಂಬ ಸಂಕೇತ) ಬೇಕು. ಒಂದು ಒತ್ತಿದರೆ ಎರಡು ಅಕ್ಷರ ಬಂದರೆ ಸ್ಟ್ರೋಬ್ ಪುಟಿಯುತ್ತಿದೆ. ಕೀ ಬಿಟ್ಟಾಗ ಅಕ್ಷರ ಬಂದರೆ ಅದು ತಲೆಕೆಳಗಾಗಿದೆ. ಪಿಎಸ್/2 ಕೀಬೋರ್ಡ್‌ಗೆ ಅಡಾಪ್ಟರ್ ಕಟ್ಟಿಕೊಂಡವರು ಕ್ಯಾಪ್ಸ್ ಲಾಕ್ ಹಾಕಿರಲಿ: ಚಿಕ್ಕಕ್ಷರ ಒತ್ತಿದರೆ ತೆರೆಯಲ್ಲಿ ದೊಡ್ಡಕ್ಷರವೇ ಕಾಣುತ್ತದೆ, ಮಾನಿಟರ್ ಮಾತ್ರ ಅದನ್ನು ಹೆಕ್ಸ್ ಎಂದು ಒಪ್ಪುವುದಿಲ್ಲ. ತಪ್ಪು ಅಳಿಸುವ ಕೀ ‘_’. ಅಳಿಸಿದ್ದು ತೆರೆಯಿಂದ ಮಾಯವಾಗದು, ‘_’ ಪಕ್ಕದಲ್ಲಿ ಬಂದು ಕೂರುತ್ತದೆ.

ಎರಡನೇ ಸಾಲಿನ ರ‍್ಯಾಮ್‌ನ ಜಂಪರನ್ನು 1ರಿಂದ ಇಗೆ ಬದಲಿಸಿದರೆ ಬೇಸಿಕ್ ಭಾಷೆ ತುಂಬಬಹುದು, ಕ್ಯಾಸೆಟ್ ಬೋರ್ಡ್ ಇದ್ದರೆ. ಕ್ಯಾಸೆಟ್ ಬದಲು ಫೋನ್ ಸಾಕು. ಎಂಪಿ3 ಬೇಡ, ವೇವ್ ಕಡತವೇ ಇರಲಿ. ಈಕ್ವಲೈಸರ್, ಬಾಸ್ ಬೂಸ್ಟ್ ಎಲ್ಲ ಆರಿಸಿ. ವಾಲ್ಯೂಮ್ ಪೂರ್ತಿಯ ಹತ್ತಿರ. ಸಿ100ಆರ್ ಎಂದು ಕ್ಯಾಸೆಟ್ ಪ್ರೋಗ್ರಾಂ ತೆರೆದು, ಇ000.ಇಎಫ್‌ಎಫ್‌ಎಫ್‌ಆರ್ ಎಂದು ಬರೆದು, ಫೋನ್‌ನಲ್ಲಿ ಪ್ಲೇ ಒತ್ತಿದ ಕೂಡಲೇ ರಿಟರ್ನ್. ಹೆಚ್ಚೂಕಡಿಮೆ ಅರ್ಧ ನಿಮಿಷ ಬೇಕು. ಬೋರ್ಡ್‌ಗೆ ತಪ್ಪು ಕಂಡುಹಿಡಿಯುವ ಜಾಣತನವಿಲ್ಲ, ಕಸ ತುಂಬಿದ್ದರೂ ‘\’ ತೋರಿಸಿಬಿಡುತ್ತದೆ. ಆದ್ದರಿಂದ ಮೊದಲು ಇ000.ಇ002 ಓದಿ 4ಸಿ ಬಿ0 ಇ2 ಇದೆಯೇ ನೋಡಬೇಕು. ಮೊದಲ ಸಲ ನಮಗೆ 4ಸಿ ಬಿ0 ಇ3 ಬಂತು. ವಾಲ್ಯೂಮ್ ಎರಡು ಗೆರೆ ಏರಿಸಿ ಮತ್ತೆ ತುಂಬಿದಾಗ ಇ2 ಆಯಿತು, ಇ000ಆರ್ ಒತ್ತಿದ್ದಕ್ಕೆ ಬೇಸಿಕ್‌ನ ‘>’ ಬಂದು ನಿಂತಿತು.